ಶ್ಯಾವಿಗೆ ಕುಂಬಳಕ್ಕೆ ಅನಾನಸಿನ ಮೆಣಸ್ಕಾಯಿ

ದೆಹಲಿಯಲ್ಲಿ ‘ಸೀತಾಫಲ’ ಕೊಡಿ ಎಂದರೆ ತರಕಾರಿಯವನು ಕುಂಬಳಕಾಯಿ ಕೊಯ್ದು ತಕ್ಕಡಿಗೆ ಹಾಕುತ್ತಾನೆ. ನಮ್ಮ ಸೀತಾಫಲಕ್ಕೆ ಇಲ್ಲಿನ ಹೆಸರು ಶರೀಫಾ. ಈ ಊರಿಗೆ ಬಂದು ಒಂದು ವರ್ಷ ಕಳೆದ ಯಾವ ಕನ್ನಡಿಗರನ್ನು ಕೇಳಿದರೂ ಇಂಥದ್ದೊಂದು ಕಥೆ ಅವರ ಹತ್ತಿರ ಇದ್ದೇ ಇರುತ್ತದೆ. ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯಿಂದ ಮಯೂರ್ ವಿಹಾರದ ನಮ್ಮ ಮನೆಗೆ ಬಂದ ನನ್ನ ಅತ್ತೆ ಇದನ್ನು ಕೇಳಿ, “ಸೀತೆ ಪಟ್ಟ ಕಷ್ಟ ಸಾಲದು ಅಂತ ಕುಂಬಳಕಾಯಿಗೂ ಅವಳ ಹೆಸರೇ ಇಟ್ರಾ ಮಾರಾಯ್ತಿ” ಎಂದಿದ್ದರು.

ಹೆಸರು ಏನೇ ಇರಲಿ, ಕುಂಬಳದ ಬಳಗಕ್ಕೆ ಈ ಊರಿನಲ್ಲಿ ಬರವಿಲ್ಲ. ಮಯೂರ್ ವಿಹಾರ್ ಫೇಸ್ ಒಂದರಿಂದ ಪಿಂಕ್ ಲೈನ್ ಮೆಟ್ರೋ ಹತ್ತಿ ನಿಜಾಮುದ್ದೀನ್ ಕಡೆಗೆ ಹೊರಟರೆ ಯಮುನೆಯ ಸೇತುವೆ ಸಿಗುತ್ತದೆ. ಬೇಸಿಗೆಯಲ್ಲಿ ಕಿಟಕಿಯಿಂದ ಕೆಳಗೆ ನೋಡಿ. ನೀರು ಹಿಂದೆ ಸರಿದ ಜಾಗದಲ್ಲೆಲ್ಲ ಸೋರೆ, ಹೀರೆ, ಸೌತೆ, ಕುಂಬಳದ ಬಳ್ಳಿಗಳು. ನವರಾತ್ರಿ ಬಂತೆಂದರೆ ಉಪವಾಸದ ಮನೆಗಳಲ್ಲಿ ಕುಟ್ಟು ಹಿಟ್ಟಿನ ಪೂರಿ ಜೊತೆಗೆ ಕದ್ದೂ ಪಲ್ಯ. ಬೂದುಗುಂಬಳವಂತೂ ಆಗ್ರಾಕ್ಕೆ ಹೋಗಿ ಸಕ್ಕರೆ ಪಾಕದಲ್ಲಿ ಮುಳುಗಿ ಪೇಠಾ ಆಗಿ ಬರುತ್ತದೆ. ಆಯುಧಪೂಜೆಗೆ ಒಡೆಯಲು ಅದೇ ಬೂದುಗುಂಬಳ ಬೇಕೆಂದರೆ ಮಾತ್ರ ನಾವು ಐಎನ್‌ಎ ಮಾರ್ಕೆಟ್ಟಿಗೆ ಓಡಬೇಕು.

ಐಎನ್‌ಎ ಮಾರ್ಕೆಟ್ ಗೊತ್ತಿಲ್ಲದವರಿಗೆ ಒಂದು ಮಾತು. ದಿಲ್ಲಿ ಹಾಟ್ ಎದುರಿಗಿರುವ ಈ ಹಳೆಯ ಪೇಟೆಯಲ್ಲಿ ಒಂದು ಕಡೆ ಬಾಳೆಎಲೆ, ನುಗ್ಗೆ, ಸುವರ್ಣಗೆಡ್ಡೆ, ತೊಂಡೆ ಮಾರುವ ಅಂಗಡಿಗಳಿವೆ. ಅಲ್ಲಿ ಮಲಯಾಳಂ, ತಮಿಳು ಸಲೀಸಾಗಿ ನಡೆಯುತ್ತದೆ, ನಮ್ಮ ಕನ್ನಡದ ಅಂಕಿಗಳೂ ಕೆಲವರಿಗೆ ಅರ್ಥವಾಗುತ್ತವೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ರಾಯಭಾರ ಕಚೇರಿಗಳ ಅಡುಗೆಯವರು ಬರುವ ಅಂಗಡಿಗಳು: ಬ್ರೊಕೊಲಿ, ಆವಕಾಡೊ, ಥಾಯ್ ಬದನೆ, ಹೆಸರು ಹೇಳಲು ಬಾರದ ಸೊಪ್ಪುಗಳು. ಹೋದ ಡಿಸೆಂಬರಿನಲ್ಲಿ ಅಂಥದ್ದೊಂದು ಅಂಗಡಿಯ ಮೂಲೆಯಲ್ಲಿ ಹಳದಿ ಬಣ್ಣದ, ಸಣ್ಣ ಕರಬೂಜದ ಆಕಾರದ ಕಾಯಿಗಳನ್ನು ಪೇರಿಸಿಟ್ಟಿದ್ದರು. ಸ್ಪೆಗೆಟಿ ಸ್ಕ್ವಾಷ್. ಬೆಲೆ ನಮ್ಮ ಸಿಹಿಗುಂಬಳದ ಹಲವು ಪಟ್ಟು. ಆದರೂ ಎರಡು ತಂದೆ. ಯಾಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತಿದ್ದ ಶ್ಯಾವಿಗೆ ಒರಳಿನ ವಿಷಯ ಹೇಳಬೇಕು.

ಮಾವ ತೀರಿಕೊಂಡ ಮೇಲೆ ಅತ್ತೆ ದೆಹಲಿಗೆ ಬರಲು ಒಪ್ಪಿದ್ದು ಬಹಳ ತಡವಾಗಿ. ಒಪ್ಪಿದಾಗ ಅವರು ಹಾಕಿದ ಷರತ್ತು ಒಂದೇ: ಒರಳು ಜೊತೆಗೆ ಬರಬೇಕು. ಮೂರು ಕಾಲಿನ, ಮೇಲೆ ತಿರುಪಿನ ಹಿಡಿ ಇರುವ ಹಿತ್ತಾಳೆಯ ಒರಳು. ಗೋಣಿಚೀಲದಲ್ಲಿ ಸುತ್ತಿ ಕರ್ನಾಟಕ ಎಕ್ಸ್‌ಪ್ರೆಸ್‌ನ ಸೀಟಿನ ಕೆಳಗೆ ಇಟ್ಟುಕೊಂಡು ಬಂದೆವು. ಎದುರು ಸೀಟಿನ ಝಾನ್ಸಿಯ ಹೆಂಗಸು ಅದನ್ನು ಮುಟ್ಟಿ ಮುಟ್ಟಿ ನೋಡಿ ಹೊಲಿಗೆ ಯಂತ್ರದ ಭಾಗವೇ ಎಂದು ಕೇಳಿದ್ದಳು.

ಒತ್ತು ಶ್ಯಾವಿಗೆ ಮಾಡುವ ಮನೆಯವರಿಗೆ ಗೊತ್ತು, ಅದು ಒಬ್ಬರ ಕೆಲಸವಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಗಟ್ಟಿಯಾಗುವ ತನಕ ಕಾಸಿ, ಉಂಡೆ ಕಟ್ಟಿ ಬೇಯಿಸಿ, ಕೈ ಸುಡುವ ಬಿಸಿಯಲ್ಲೇ ಒರಳಿಗೆ ತುಂಬಬೇಕು. ಒಬ್ಬರು ಹಿಡಿ ತಿರುಗಿಸಿ ಒತ್ತಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸುತ್ತ ಎಳೆಗಳನ್ನು ಸುರುಳಿಯಾಗಿ ಹಿಡಿಯಬೇಕು. ತೀರ್ಥಹಳ್ಳಿಯ ಮನೆಯಲ್ಲಿ ನಲವತ್ತೈದು ವರ್ಷ ಮಾವ ಒತ್ತಿದ್ದಾರೆ, ಅತ್ತೆ ತಟ್ಟೆ ಹಿಡಿದಿದ್ದಾರೆ. ಅದಕ್ಕೆ ಕಾಯಿಹಾಲು, ಮಾವಿನ ಕಾಲದಲ್ಲಿ ಹಣ್ಣಿನ ರಸಾಯನ, ಉಳಿದದ್ದಕ್ಕೆ ಮರುದಿನ ಬೆಳಿಗ್ಗೆ ನಿಂಬೆಹುಳಿ ಒಗ್ಗರಣೆ.

ದೆಹಲಿಗೆ ಬಂದ ನಾಲ್ಕನೇ ತಿಂಗಳಿಗೆ ಅತ್ತೆಯ ರಕ್ತ ಪರೀಕ್ಷೆ ಮಾಡಿಸಿದೆವು. ಮೂರು ತಿಂಗಳ ಸರಾಸರಿ ಸಕ್ಕರೆ 9ರ ಮೇಲಿತ್ತು. ಡಾಕ್ಟರು ಮಾತ್ರೆ ಬರೆದರು, ಅಕ್ಕಿಯನ್ನು ಮಧ್ಯಾಹ್ನ ಒಂದು ಹಿಡಿಗೆ ಇಳಿಸಿದರು. ಶ್ಯಾವಿಗೆ ಎಂದರೆ ಏನೆಂದು ನಾನು ವಿವರಿಸಿದಾಗ ನಕ್ಕು, ತಲೆ ಅಲ್ಲಾಡಿಸಿಬಿಟ್ಟರು.

ಅತ್ತೆ ಗಲಾಟೆ ಮಾಡುವ ಪೈಕಿಯಲ್ಲ. ಹಟ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಎರಡು ಫುಲ್ಕ, ಒಂದು ಬಟ್ಟಲು ಪಲ್ಯ, ಮಜ್ಜಿಗೆ. ಮಾತ್ರೆ ನುಂಗಿದ ಹಾಗೆ ನುಂಗಿ ಏಳುತ್ತಿದ್ದರು. ಉಪ್ಪು ಸಾಕೇ, ಹುಳಿ ಹೆಚ್ಚಾಯಿತೇ ಎಂದು ಕೇಳಿದರೆ “ಏನೋ ಒಂದು, ಹೊಟ್ಟೆಗೆ ಬಿದ್ದರಾಯ್ತು” ಎಂಬ ಉತ್ತರ. ಮದುವೆಯಾದ ಹೊಸದರಲ್ಲಿ ನನ್ನ ಸಾರಿಗೆ ಜೀರಿಗೆ ಎಷ್ಟು ಕಾಳು ಹೆಚ್ಚಾಗಿದೆ ಎಂದು ಲೆಕ್ಕ ಹೇಳುತ್ತಿದ್ದ ಹೆಂಗಸು ಇವರು. ಆಮೇಲೆ ಆ ಎರಡು ಫುಲ್ಕ ಒಂದಾಯಿತು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಿನ ಚೌಕಟ್ಟು ಹಿಡಿದು, ಬೆವತು, ಮಾತು ಬಾರದೆ ನಿಂತಿದ್ದರು. ಸಕ್ಕರೆ ನೀರು ಕುಡಿಸಿ ಕೂರಿಸಿದ ಮೇಲೆ ಅಳೆದರೆ ಆಗಲೂ 60ರ ಹತ್ತಿರ. ಮಾತ್ರೆ ತಪ್ಪದೆ ತಗೊಂಡು ಊಟ ಬಿಟ್ಟರೆ ಹೀಗಾಗುತ್ತದೆ ಎಂದು ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸಿ ನನ್ನ ಕಡೆ ತಿರುಗಿ, “ಇವರಿಗೆ ತಿನ್ನಬೇಕು ಅನ್ನಿಸುವಂಥದ್ದು ಏನಾದರೂ ಮಾಡಿ” ಎಂದರು. ಸುಲಭವಾಗಿ ಹೇಳಿಬಿಟ್ಟರು ಎಂದುಕೊಂಡೆ.

ಸ್ಪೆಗೆಟಿ ಸ್ಕ್ವಾಷ್ ಎಂಬ ಹೆಸರನ್ನು ನನ್ನ ಕಿವಿಗೆ ಹಾಕಿದ್ದು ರಾವ್ ತುಲಾರಾಮ್ ಮಾರ್ಗದ ನಮ್ಮ ಕರ್ನಾಟಕ ಸಂಘದಲ್ಲಿ ಸಿಕ್ಕ ಗೆಳತಿ. ಬೇಯಿಸಿ ಫೋರ್ಕಿನಿಂದ ಕೆರೆದರೆ ಒಳಗಿನ ತಿರುಳು ಎಳೆಎಳೆಯಾಗಿ ಬಿಡುತ್ತದೆ, ನೋಡಿದರೆ ಶ್ಯಾವಿಗೆಯೇ, ಅಕ್ಕಿಯೂ ಅಲ್ಲ ಗೋಧಿಯೂ ಅಲ್ಲ, ತರಕಾರಿ ಎಂದಳು. ಒರಳು ಬೇಡ, ಒತ್ತುವವರೂ ಬೇಡ.

ಕುಂಬಳದ ಈ ಜಾತಿಗಳೆಲ್ಲ ಮೂಲತಃ ಅಮೆರಿಕ ಖಂಡದವು. ಮೆಕ್ಸಿಕೋದ ಗುಹೆಯೊಂದರಲ್ಲಿ ಸಿಕ್ಕ ಬೀಜಗಳು ಸುಮಾರು 10,000 ವರ್ಷ ಹಳೆಯವು. ನಾವು ತಲೆತಲಾಂತರದಿಂದ ತಿಂದೆವು ಎಂದುಕೊಂಡಿರುವ ಸಿಹಿಗುಂಬಳವೂ ಪೋರ್ಚುಗೀಸರ ಕಾಲದ ನಂತರ ನಮ್ಮ ಹಿತ್ತಿಲಿಗೆ ಬಂದದ್ದು. ಬೂದುಗುಂಬಳ ಮಾತ್ರ ಏಷ್ಯಾದ್ದೇ. ಈ ಹಳದಿ ಕಾಯಿ ಸೇರಿದ್ದು ಕುಕುರ್ಬಿಟಾ ಪೆಪೊ ಜಾತಿಗೆ. ಈಗ ಸಫಲ್ ಅಂಗಡಿಗಳಲ್ಲೂ ಕಾಣುವ ಜುಕಿನಿ ಇದರ ಅಣ್ಣತಮ್ಮ.

ಮೊದಲ ಕಾಯಿಯನ್ನು ಗೆಳತಿ ಹೇಳಿದ ಪ್ರಕಾರವೇ ಮಾಡಿದೆ. ಟೊಮೇಟೊ, ಬೆಳ್ಳುಳ್ಳಿ, ಸ್ವಲ್ಪ ಚೀಸ್. ಹದಿಮೂರು ವರ್ಷದ ಮಗಳು ಎರಡು ಸಲ ಹಾಕಿಸಿಕೊಂಡಳು. ಅತ್ತೆ ಎರಡು ಚಮಚ ತಿಂದು “ಚೆನ್ನಾಗಿದೆ” ಎಂದು ತಟ್ಟೆ ಸರಿಸಿದರು. ನಮ್ಮ ಕಡೆ ‘ಚೆನ್ನಾಗಿದೆ’ ಎಂದು ಅಷ್ಟಕ್ಕೇ ನಿಲ್ಲಿಸಿದರೆ ಅದರ ಅರ್ಥ ಏನೆಂದು ನಿಮಗೆ ಗೊತ್ತು. ಆದರೆ ಏಳುವ ಮುಂಚೆ ತಟ್ಟೆಯಿಂದ ಒಂದು ಎಳೆ ಎತ್ತಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಹಿಸುಕಿ ನೋಡಿದರು. “ಇದು ಯಾವ ಬಳ್ಳಿದು?” ಬಹಳ ದಿನದ ಮೇಲೆ ತಿನ್ನುವ ವಸ್ತುವಿನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು.

ಜನವರಿಯ ಒಂದು ಸಂಜೆ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದೆವು. ಚಳಿಗಾಲದ ದೆಹಲಿಯಲ್ಲಿ ಗಲ್ಲಿಗಲ್ಲಿಗೂ ಶಕರ್‌ಕಂದಿ ಗಾಡಿ ನಿಂತಿರುತ್ತದಲ್ಲ, ಕೆಂಡದ ಮೇಲೆ ಸುಟ್ಟ ಗೆಣಸು. ಸಿಪ್ಪೆ ಸುಲಿದು, ತುಂಡು ಮಾಡಿ, ಮಸಾಲೆ ಉದುರಿಸಿ, ನಿಂಬೆ ಹಿಂಡಿ, ಮೇಲೆ ಹಳದಿ ನಕ್ಷತ್ರದ ಆಕಾರದ ಹೋಳುಗಳನ್ನು ಸೇರಿಸಿ ದೊನ್ನೆಯಲ್ಲಿ ಕೊಡುತ್ತಾನೆ. ಅತ್ತೆ ಗಾಡಿಯ ಮುಂದೆ ನಿಂತುಬಿಟ್ಟರು.

“ಅದು ದಾರೆಹುಳಿ ಅಲ್ವಾ?”

“ಹೌದು ಅತ್ತೆ. ಇಲ್ಲಿ ಕಮ್ರಖ್ ಅಂತಾರೆ.”

“ಬಚ್ಚಲ ಒಲೆಯಲ್ಲಿ ಸುಟ್ಟ ಗೆಣಸಿಗೆ ದಾರೆಹುಳಿ ಹಾಕಬಹುದು ಅಂತ ನಮಗೆ ಯಾಕೆ ಹೊಳೀಲಿಲ್ಲ ನೋಡು. ಎರಡೂ ಹಿತ್ತಲಲ್ಲೇ ಇತ್ತು.”

ಗೆಣಸು ಅವರಿಗೆ ಹೆಚ್ಚು ಕೂಡದು. ನನ್ನ ದೊನ್ನೆಯಿಂದ ಎರಡೇ ತುಂಡು ತಿಂದರು, ಹುಳಿ ಹೋಳುಗಳನ್ನು ಮಾತ್ರ ಎಲ್ಲ ಮುಗಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಮಾತಿಲ್ಲ. ಮರುದಿನ ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: “ಆ ಶ್ಯಾವಿಗೆ ಕುಂಬಳ ಇನ್ನೊಂದು ಇದೆಯಲ್ಲ, ಅದನ್ನ ಸುಡು. ಬೇಯಿಸಬೇಡ, ಸುಡು. ಅನಾನಸಿದ್ದು ಮೆಣಸ್ಕಾಯಿ ನಾನು ಮಾಡ್ತೀನಿ. ಆ ಟೊಮೇಟೊ ಸಹವಾಸ ಬೇಡ.”

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಶ್ಯಾವಿಗೆ ಕುಂಬಳ.

ಯೋಚಿಸಿದರೆ ಅತ್ತೆಯ ಲೆಕ್ಕ ಬಹಳ ಸರಿ. ಈ ಕಾಯಿಗೆ ಸ್ವಂತ ರುಚಿ ಕಡಿಮೆ. ತೆಳ್ಳಗೆ ಸಿಹಿ, ಸ್ವಲ್ಪ ಕರುಂ ಎನ್ನುವ ಎಳೆ, ಒಳಗೆ ಬೇಕಾದಷ್ಟು ನೀರು. ಟೊಮೇಟೊದಂಥ ನೀರಿನ ಸಾಸ್ ಹಾಕಿದರೆ ಎರಡೂ ಸೇರಿ ತಟ್ಟೆಯಲ್ಲಿ ಕೆರೆ. ಕಾಯಿಹಾಲು ಹಾಕಿದರಂತೂ ಎಳೆಗಳು ಅನಾಥವಾಗಿ ತೇಲುತ್ತವೆ. ಮೆಣಸ್ಕಾಯಿ ಬೇರೆ ಜಾತಿ. ಹುರಿದ ಎಳ್ಳು ಮತ್ತು ತೆಂಗಿನಕಾಯಿಯ ಎಣ್ಣೆಯಂಶ ಇರುವ ಗಟ್ಟಿ ಮಸಾಲೆ ಎಳೆಗೆ ಅಂಟಿಕೊಳ್ಳುತ್ತದೆ. ಹಣ್ಣಿನ ಹುಳಿಸಿಹಿ, ಮೆಣಸಿನ ಖಾರ, ಮೆಂತ್ಯದ ಕಹಿ ಎಲ್ಲ ಇರುವುದರಿಂದ ಸಪ್ಪೆ ಕಾಯಿಗೆ ಮಾತು ಬರುತ್ತದೆ. ನೋಡಲು ಶ್ಯಾವಿಗೆ ಎಂದು ಅದಕ್ಕೆ ಶ್ಯಾವಿಗೆಯ ಉಪಚಾರ ಮಾಡುವುದಕ್ಕಿಂತ, ಸುಟ್ಟ ಬದನೆಗೆ ಗೊಜ್ಜು ಮಾಡುವ ಹಾಗೆ ಮಾಡುವುದೇ ವಾಸಿ.

ಸುಡುವುದು ಹೇಗೆ ಎಂದು ಹೇಳುತ್ತೇನೆ. ಒಂದು ಕಿಲೋದಿಂದ 1.2 ಕಿಲೋ ತೂಕದ ಕಾಯಿ ನಾಲ್ಕು ಜನಕ್ಕೆ ಸಾಕು. ಪೂರ್ತಿ ಹಳದಿಯಾಗಿರಬೇಕು, ಉಗುರು ಒತ್ತಿದರೆ ಇಳಿಯಬಾರದು. ಸಿಪ್ಪೆ ಬಲು ಗಟ್ಟಿ, ಚಾಕು ಜಾರಿ ಕೈಗೆ ಬರುವ ಸಂಭವ ಹೆಚ್ಚು. ಅದಕ್ಕೇ ಮೊದಲು ಚಾಕುವಿನ ಮೊನೆಯಿಂದ ಏಳೆಂಟು ಕಡೆ ಚುಚ್ಚಿ, ಮೈಕ್ರೋವೇವ್‌ನಲ್ಲಿ ಮೂರು ನಾಲ್ಕು ನಿಮಿಷ ಇಡಿ. ಚುಚ್ಚದೆ ಇಟ್ಟರೆ ಒಳಗಿನ ಆವಿಗೆ ಒಡೆಯಬಹುದು. ಆಮೇಲೆ ಕತ್ತರಿಸುವುದು ಉದ್ದಕ್ಕಲ್ಲ, ಅಡ್ಡಕ್ಕೆ. ಇದು ಮುಖ್ಯ. ಎಳೆಗಳು ಕಾಯಿಯ ಸುತ್ತ ಬಳೆಯ ಹಾಗೆ ಸುತ್ತಿಕೊಂಡಿರುತ್ತವೆ. ಉದ್ದಕ್ಕೆ ಸೀಳಿದರೆ ಪ್ರತಿ ಎಳೆಯೂ ಎರಡು ತುಂಡು. ಒಂದೂವರೆ ಇಂಚು ದಪ್ಪದ ಬಿಲ್ಲೆಗಳಾಗಿ ಕೊಯ್ದು, ನಡುವಿನ ಬೀಜ ತೆಗೆದು (ಎಸೆಯಬೇಡಿ), ಎರಡೂ ಬದಿಗೆ ಉಪ್ಪು ಸವರಿ ಕಾಲು ಗಂಟೆ ಬಿಡಿ. ನೀರು ಬೆವರಿನಂತೆ ಮೇಲೆ ಬರುತ್ತದೆ. ಬಟ್ಟೆಯಿಂದ ಒತ್ತಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಓಟಿಜಿಯಲ್ಲಿ 200 ಡಿಗ್ರಿಗೆ ಮೊದಲೇ ಕಾಯಿಸಿಟ್ಟು, ಮೂವತ್ತರಿಂದ ಮೂವತ್ತೈದು ನಿಮಿಷ. ನಡುವೆ ಒಮ್ಮೆ ಮಗುಚಿ. ಅಂಚು ಕಂದು ಬಣ್ಣಕ್ಕೆ ತಿರುಗಿ, ಫೋರ್ಕ್ ಹಾಕಿ ಕೆದಕಿದರೆ ಎಳೆ ಬಿಡಬೇಕು, ಆದರೆ ಕಚ್ಚಿದರೆ ಸ್ವಲ್ಪ ತಡೆ ಇರಬೇಕು. ಮೆತ್ತಗಾಗುವ ತನಕ ಬಿಟ್ಟರೆ ಎಳೆ ಹೋಗಿ ಹಲ್ವ ಆಗುತ್ತದೆ.

ಓಟಿಜಿ ಇಲ್ಲದವರು ದಪ್ಪ ಕಬ್ಬಿಣದ ಕಾವಲಿಯ ಮೇಲೆ ಎಣ್ಣೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೊಂದು ಬದಿಗೆ ಹತ್ತು ಹನ್ನೆರಡು ನಿಮಿಷ ಬೇಯಿಸಬಹುದು. ಕೊನೆಗೆ ಮುಚ್ಚಳ ತೆಗೆದು ಉರಿ ಜೋರು ಮಾಡಿದರೆ ಸುಟ್ಟ ವಾಸನೆಯೂ ಬರುತ್ತದೆ. ಎರಡೂ ಮಾಡಿ ನೋಡಿದ್ದೇನೆ, ಕಾವಲಿಯದ್ದೇ ನನಗೆ ಮೇಲು ಅನ್ನಿಸಿತು. ಬಿಲ್ಲೆ ಹತ್ತು ನಿಮಿಷ ಆರಿದ ಮೇಲೆ ಎಳೆ ಬಿಡಿಸಿ ಅಗಲ ತಟ್ಟೆಯಲ್ಲಿ ಹರಡಿ. ರಾಶಿ ಹಾಕಿದರೆ ತನ್ನದೇ ಆವಿಗೆ ಒದ್ದೆಯಾಗುತ್ತದೆ.

ಮೆಣಸ್ಕಾಯಿಯ ಪ್ರಮಾಣ ಅತ್ತೆಯದು. ಚಮಚದ ಲೆಕ್ಕಕ್ಕೆ ಇಳಿಸಿದ್ದು ಮಾತ್ರ ನಾನು. ಒಂದು ದೊಡ್ಡ ಚಮಚ ಎಳ್ಳನ್ನು ಎಣ್ಣೆಯಿಲ್ಲದೆ ಚಟಪಟ ಎನ್ನುವ ತನಕ ಹುರಿದು ಪಕ್ಕಕ್ಕಿಡಿ. ಅರ್ಧ ಚಮಚ ಎಣ್ಣೆಯಲ್ಲಿ ಒಂದು ಚಮಚ ಉದ್ದಿನಬೇಳೆ, ಒಂದು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಮೆಂತ್ಯ, ನಾಲ್ಕೈದು ಬ್ಯಾಡಗಿ ಮೆಣಸು ಹುರಿಯಿರಿ. ಮೆಂತ್ಯ ಕಪ್ಪಾಗಬಾರದು. ಎಳ್ಳು, ಮೂರು ದೊಡ್ಡ ಚಮಚ ತೆಂಗಿನ ತುರಿ ಸೇರಿಸಿ ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಿ. ಇತ್ತ ಒಂದೂವರೆ ಬಟ್ಟಲು ಸಣ್ಣಗೆ ಹೆಚ್ಚಿದ ಅನಾನಸನ್ನು ಅರಿಶಿನ, ಉಪ್ಪು, ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ ಹಾಕಿ ಬೇಯಿಸಿ. ಬೆಲ್ಲ ಅಡಿಕೆ ಗಾತ್ರದ್ದು, ನಾಲ್ಕು ಜನಕ್ಕೆ ಒಟ್ಟು ಅಷ್ಟೇ. ಊರಿನಲ್ಲಾದರೆ ಇದಕ್ಕೆ ಮುಷ್ಟಿ ಬೆಲ್ಲ ಬೀಳುತ್ತಿತ್ತು. ಅನಾನಸು ಮೆತ್ತಗಾದ ಮೇಲೆ ಮಸಾಲೆ ಸೇರಿಸಿ, ಸೌಟಿನಿಂದ ಜಾರದಷ್ಟು ಗಟ್ಟಿಯಾಗುವ ತನಕ ಕುದಿಸಿ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಬ್ಬರಿ ಎಣ್ಣೆಯಲ್ಲೇ ಆಗಬೇಕು. ಕರಿಬೇವು ಜನವರಿಯಲ್ಲಿ ಪೇಟೆಯಿಂದಲೇ ತರಬೇಕು. ಬಾಲ್ಕನಿಯ ಗಿಡ ದೆಹಲಿಯ ಚಳಿಗೆ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿರುತ್ತದೆ.

ಕೊನೆಯಲ್ಲಿ ಕಿನ್ನೋ. ಚಳಿಗಾಲದಲ್ಲಿ ಗಾಡಿಗಟ್ಟಲೆ ಬರುವ ಈ ಕಿತ್ತಳೆಯ ತವರು ಪಂಜಾಬಿನ ಅಬೋಹರ್ ಎಂದು ನಾವು ತಿಳಿದಿದ್ದೇವೆ, ಆದರೆ ಅದು 1935ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧನಾ ಕೇಂದ್ರದಿಂದ ಹೊರಬಿದ್ದ ತಳಿ. ಒಂದು ಹಣ್ಣಿನ ತೊಳೆಗಳ ನಾರು, ಬೀಜ ಬಿಡಿಸಿ (ತಾಳ್ಮೆ ಬೇಕು, ಒಂದು ತೊಳೆಗೆ ಮೂರು ಬೀಜ), ಒಲೆ ಆರಿಸಿದ ಮೇಲೆ ಮೆಣಸ್ಕಾಯಿಗೆ ಸೇರಿಸುವುದು. ಕುದಿಸಿದರೆ ಕಹಿಯಾಗುತ್ತದೆ. ಇದನ್ನು ಸೇರಿಸಲು ಹೇಳಿದ್ದು ಅತ್ತೆಯೇ. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುತ್ತಿದ್ದ ಕೈ, ಹಣ್ಣನ್ನು ಬಿಡುತ್ತದೆಯೇ? ಬಡಿಸುವ ಹೊತ್ತಿಗೆ ಮಾತ್ರ ಎಳೆಗೂ ಮೆಣಸ್ಕಾಯಿಗೂ ಭೇಟಿ ಮಾಡಿಸಿ. ಮೊದಲೇ ಕಲಸಿಟ್ಟರೆ ಉಪ್ಪು ಮತ್ತೆ ನೀರು ಎಳೆಯುತ್ತದೆ.

ಆ ದಿನ ಅತ್ತೆ ಒಂದು ಬಟ್ಟಲು ತಿಂದರು, ಆಮೇಲೆ ಅರ್ಧ ಬಟ್ಟಲು. ನಾವು ಯಾರೂ ಏನೂ ಹೇಳಲಿಲ್ಲ, ಹೇಳಿದರೆ ಎಲ್ಲಿ ನಿಲ್ಲಿಸುತ್ತಾರೋ ಎಂದು. ತಿಂದು ಮುಗಿಸಿ, “ಮೆಂತ್ಯ ಒಂದು ನಾಲ್ಕು ಕಾಳು ಹೆಚ್ಚಾಯ್ತು. ಇಲ್ಲಿ ಹುಣಸೆ ಬೇರೆ ಹಳೇದು” ಎಂದರು. ನನ್ನ ಗಂಡ ಎದ್ದು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ಲೆಕ್ಕದ ಮಾತು ಹೇಳದೆ ಹೋದರೆ ನ್ಯಾಯವಾಗದು, ಏಕೆಂದರೆ ನಮ್ಮ ಓದುಗರಲ್ಲಿ ಅರ್ಧ ಮನೆಗಳಲ್ಲಾದರೂ ಸಕ್ಕರೆ ಅಳೆಯುವ ಯಂತ್ರ ಇದ್ದೇ ಇರುತ್ತದೆ. ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ; ಅಷ್ಟೇ ತೂಕದ ಈ ಕುಂಬಳದಲ್ಲಿ ಸುಮಾರು 7 ಗ್ರಾಂ. ಒಂದು ಬಟ್ಟಲಿಗೆ ನೂರೈವತ್ತು ಗ್ರಾಂ ಎಳೆ ಹಿಡಿದರೆ ಹತ್ತು ಗ್ರಾಂ ಆಸುಪಾಸು. ಅನಾನಸು, ಕಿನ್ನೋ, ಬೆಲ್ಲದ ಪಾಲು ಕೂಡಿಸಿ ಒಟ್ಟು ಇಪ್ಪತ್ತು ಗ್ರಾಂ ಎಂದಿಟ್ಟುಕೊಳ್ಳಿ. ಹಣ್ಣು ಇದೆ, ಬೆಲ್ಲ ಇದೆ, ಆದ್ದರಿಂದ ಇದು ಮದ್ದಲ್ಲ. ಅಂತರ್ಜಾಲದಲ್ಲಿ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಏನನ್ನಾದರೂ ಓದಿದರೆ ನನಗೆ ಮೈ ಉರಿಯುತ್ತದೆ. ಊಟವಾಗಿ ಎರಡು ಗಂಟೆಗೆ ಅಳೆದು ನೋಡಿ, ನಿಮ್ಮ ಡಾಕ್ಟರಿಗೂ ತೋರಿಸಿ, ನಿಮ್ಮ ಮೈಗೆ ಎಷ್ಟು ಒಗ್ಗುತ್ತದೆ ಎಂದು ನೀವೇ ತಿಳಿಯಬೇಕು. ನಮ್ಮ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡುತ್ತೇವೆ, ಜೊತೆಗೆ ಹೆಸರುಕಾಳಿನ ಉಸಲಿ. ಆ ರಾತ್ರಿ ಅತ್ತೆಗೆ ಫುಲ್ಕ ಇಲ್ಲ.

ಅನಾನಸೇ ಆಗಬೇಕೆಂದಿಲ್ಲ. ದೆಹಲಿಯ ಹಣ್ಣಿನ ಪಂಚಾಂಗ ಬಹಳ ಉದಾರ. ಮಾರ್ಚಿನಲ್ಲಿ ದಾರೆಹುಳಿ ಸಿಕ್ಕರೆ ಹುಣಸೆ ಬಿಟ್ಟು ಅದನ್ನೇ ಹಾಕಬಹುದು. ಮೇ ತಿಂಗಳಲ್ಲಿ ಫಾಲ್ಸಾ ಎಂಬ ಕಪ್ಪುನೇರಳೆ ಬಣ್ಣದ ಪುಟ್ಟ ಹಣ್ಣು ಬುಟ್ಟಿಯಲ್ಲಿ ಬರುತ್ತದೆ. ಹಿಂಡಿ ರಸ ತೆಗೆದು ಕುದಿಸಿದರೆ ಬೆಲ್ಲದ ಜೊತೆಗೆ ಸೊಗಸು. ಅದೇ ಹೊತ್ತಿಗೆ ಬೆಟ್ಟದಿಂದ ಆಡೂ, ಆಲೂಬುಖಾರಾ ಇಳಿಯುತ್ತವೆ. ಆಲೂಬುಖಾರಾ ಮೆಣಸ್ಕಾಯಿಗೆಂದೇ ಹುಟ್ಟಿದ ಹಣ್ಣು, ಸಿಪ್ಪೆಯ ಹುಳಿಯೇ ಸಾಕು. ಮಾವಿನ ಕಾಲದಲ್ಲಿ ಸಫೇದಾ ಬೇಡ, ಅದು ಬರೀ ಸಿಹಿ. ಜೂನ್ ಕೊನೆಯ ಲಂಗ್ಡಾ ಇನ್ನೂ ಸ್ವಲ್ಪ ಗಟ್ಟಿ ಇರುವಾಗ ಒಳ್ಳೆಯದು. ನಮ್ಮ ಕಡೆಯ ಕಾಟುಮಾವಿನ ಹಣ್ಣಿಗೆ ಸಮ ಯಾವುದೂ ಇಲ್ಲ ಬಿಡಿ. ಕಷ್ಟವೆಂದರೆ ಬೇಸಿಗೆಯಲ್ಲಿ ಈ ಹಳದಿ ಕುಂಬಳ ಸಿಗುವುದು ಅಪರೂಪ. ಆಗ ಯಮುನೆಯ ದಡದ ಸಿಹಿಗುಂಬಳವನ್ನೇ ತೆಳು ಹೋಳು ಮಾಡಿ ಕಾವಲಿಯಲ್ಲಿ ಸುಟ್ಟು ಇದೇ ಮೆಣಸ್ಕಾಯಿ ಹಾಕುತ್ತೇವೆ. ಎಳೆ ಇಲ್ಲ, ಆದರೆ ರುಚಿ ಒಂದು ಕೈ ಮೇಲೇ.

ಎದುರು ಮನೆಯ ಬುಲಂದ್‌ಶಹರ್‌ನ ಹಿರಿಯಾಕೆಗೆ ಒಂದು ಡಬ್ಬಿ ಕೊಟ್ಟಾಗ ಅವರು ಮೂಸಿ ನೋಡಿ, “ಇದು ನಮ್ಮ ಖಟ್ಟಾ ಮೀಠಾ ಕದ್ದೂ ಅಲ್ಲವೇ” ಎಂದರು. ಮೆಂತ್ಯದ ಒಗ್ಗರಣೆ, ಆಮ್‌ಚೂರಿನ ಹುಳಿ, ಬೆಲ್ಲ, ಕೆಂಪು ಮೆಣಸು. ಭಂಡಾರದ ಪೂರಿ ಜೊತೆ ಬಡಿಸುವ ಆ ಪಲ್ಯದ ಹದ ನಿಜಕ್ಕೂ ನಮ್ಮ ಗೊಜ್ಜಿನದೇ. ತೆಂಗಿನಕಾಯಿ ಒಂದಿಲ್ಲ, ಅದರ ಜಾಗದಲ್ಲಿ ಸೋಂಪು. ಮರುವಾರ ಅವರ ಡಬ್ಬಿ ನಮ್ಮ ಮನೆಗೆ ಬಂತು. ಅತ್ತೆಗೆ ಹಿಂದಿ ಹತ್ತು ಪದ, ಆಕೆಗೆ ಕನ್ನಡ ಸೊನ್ನೆ. ಆದರೂ ಈಗ ಮಧ್ಯಾಹ್ನ ಮೂರಕ್ಕೆ ಇಬ್ಬರೂ ಬಿಸಿಲಲ್ಲಿ ಕೂತು ಬಟಾಣಿ ಬಿಡಿಸುತ್ತಾರೆ. ನಡುವೆ ಅನುವಾದಕ್ಕೆ ನನ್ನ ಮಗಳನ್ನು ಕರೆಯುತ್ತಾರೆ, ಅವಳು ಎರಡೂ ಕಡೆಗೆ ತನಗೆ ತೋಚಿದ್ದು ಹೇಳುತ್ತಾಳೆ.

ಇನ್ನು ಬೀಜಗಳು. ಎಸೆಯಬೇಡಿ ಎಂದೆನಲ್ಲ, ತೊಳೆದು ಒರೆಸಿ ಉಪ್ಪು ಸವರಿ ಹುರಿದರೆ ಸಂಜೆಯ ಚಹಾಕ್ಕೆ ಆಗುತ್ತದೆ. ಅತ್ತೆ ಹುರಿಯಲು ಬಿಡಲಿಲ್ಲ. ಎರಡನೇ ಕಾಯಿಯ ಬೀಜಗಳಲ್ಲಿ ದಪ್ಪವಾದ ಇಪ್ಪತ್ತನ್ನು ಆರಿಸಿ, ಬೂದಿ ಇಲ್ಲವಲ್ಲ ಎಂದು ಗೊಣಗುತ್ತ, ಬಾಲ್ಕನಿಯಲ್ಲಿ ಹಳೆಯ ಪತ್ರಿಕೆಯ ಮೇಲೆ ಒಣಗಿಸಿದರು. ಪೇಟೆಯ ಕಾಯಿ ಮಿಶ್ರತಳಿಯದ್ದಾಗಿದ್ದರೆ ಅದರ ಬೀಜದಿಂದ ಅಂಥದ್ದೇ ಕಾಯಿ ಬರುತ್ತದೆ ಎಂಬ ಖಾತರಿ ಇಲ್ಲ ಎಂದು ನಾನು ಹೇಳಿದೆ. “ಬಂದದ್ದು ಬರಲಿ, ಬಳ್ಳಿ ಅಂತೂ ಬರುತ್ತಲ್ಲ” ಎಂದರು. ಹತ್ತು ಬೀಜ ತೀರ್ಥಹಳ್ಳಿಗೆ ಹೋಗುವವರ ಕೈಯಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಹಿತ್ತಿಲಲ್ಲಿ ಹಾಕಲು. ಉಳಿದ ಹತ್ತು ಫೆಬ್ರವರಿ ಮಧ್ಯದಲ್ಲಿ, ಚಳಿ ಇಳಿದ ಮೇಲೆ, ಇಲ್ಲೇ ಮಹಡಿಯ ಕುಂಡಗಳಿಗೆ. ಕುಂಡ ಇಡಲು ಬಿಸಿಲು ಬೀಳುವ ಜಾಗ ಬೇಕಾಗಿತ್ತು. ಒರಳನ್ನು ಬಾಲ್ಕನಿಯಿಂದ ಎತ್ತಿ, ಹುಣಸೆಹಣ್ಣು ಹಾಕಿ ತಿಕ್ಕಿ, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಾರೆ. ಯುಗಾದಿಗೆ ಎಲ್ಲರಿಗೂ ಒಂದೊಂದು ಸುರುಳಿ ಶ್ಯಾವಿಗೆ ಮಾಡುವುದಂತೆ. ಒತ್ತುವ ಕೆಲಸ ಮಗನದು, ತನಗೆ ಅರ್ಧ ಸುರುಳಿ ಸಾಕು, ಡಾಕ್ಟರನ್ನು ನೀನೇ ಕೇಳು ಎಂದು ನನಗೆ ಹೇಳಿದ್ದಾರೆ.